ಹಜ್ಜ್ ದಾರಿಗೆ ಅಡ್ಡ ನಿಂತ ಕೋಟೆ: 1570ರ ಗೋವಾ ಮುತ್ತಿಗೆ

ಹಜ್ಜ್ ತಿಂಗಳುಗಳು ಹತ್ತಿರವಾದಾಗ ನಮ್ಮ ಮಸೀದಿಗಳ ಜುಮಾ ಖುತ್ಬಾದಲ್ಲಿ ಸೂರಃ ಆಲಿ ಇಮ್ರಾನಿನ ಒಂದು ಸೂಕ್ತ ಬಂದೇ ಬರುತ್ತದೆ. ಅಲ್ಲಾಹನ ಭವನವನ್ನು ತಲುಪುವ ಸಾಮರ್ಥ್ಯ ಉಳ್ಳವರ ಮೇಲೆ ಹಜ್ಜ್ ಕಡ್ಡಾಯ ಎಂಬುದು ಅದರ ಆಶಯ. ಸಾಮರ್ಥ್ಯವೆಂದರೆ ಹಣ, ಆರೋಗ್ಯ ಮತ್ತು ದಾರಿಯ ಸುರಕ್ಷತೆ ಎಂದು ಖತೀಬರು ವಿವರಿಸುತ್ತಾರೆ. ಮೊದಲೆರಡರ ಬಗ್ಗೆ ನಾವು ಯೋಚಿಸುತ್ತೇವೆ. ಮೂರನೆಯದು ನಮ್ಮ ಕಿವಿಯ ಮೇಲೆ ಹಾದುಹೋಗುತ್ತದೆ. ಬನಶಂಕರಿಯಿಂದಲೋ ಬಿಟಿಎಂ ಲೇಔಟಿನಿಂದಲೋ ಹೊರಟವರಿಗೆ ದಾರಿಯ ಕಷ್ಟವೆಂದರೆ ಹೆಗಡೆ ನಗರದ ಹಜ್ಜ್ ಭವನ ಮುಟ್ಟುವವರೆಗಿನ ಟ್ರಾಫಿಕ್ ಮಾತ್ರ.

ಒಂದು ಕಾಲದಲ್ಲಿ ಆ ಮೂರನೆಯ ಷರತ್ತೇ ಎಲ್ಲಕ್ಕಿಂತ ದೊಡ್ಡದಾಗಿತ್ತು. ಕನ್ನಡ ನಾಡಿನ ಸುಲ್ತಾನನೊಬ್ಬ ಆ ದಾರಿಗೆ ಅಡ್ಡ ನಿಂತ ಕೋಟೆಗೆ ಮುತ್ತಿಗೆ ಹಾಕಿ, ಎಂಟು ತಿಂಗಳ ಹತ್ತಿರ ಕಾದು, ಕೊನೆಗೆ ಸಂಧಿ ಮಾಡಿಕೊಂಡ. ಆತ ಬಿಜಾಪುರದ ಒಂದನೇ ಅಲಿ ಆದಿಲ್ ಶಾಹ್. ಕೋಟೆ ಪೋರ್ಚುಗೀಸರ ಗೋವಾ.

ಇದನ್ನು ಈಗ ಬರೆಯಲು ಒಂದು ಕಾರಣವಿದೆ. ಉಸ್ಮಾನಿ ನೌಕಾಪಡೆ ಮತ್ತು ಯುರೋಪಿನ ಕ್ರೈಸ್ತ ರಾಜರ ಕಾಳಗಗಳ ವೀಡಿಯೊಗಳು ನಮ್ಮ ಮಕ್ಕಳ ಮೊಬೈಲಿನಲ್ಲಿ ಓಡಾಡುತ್ತಿವೆ. ಅವನ್ನು ನೋಡಿದ ಹುಡುಗನೊಬ್ಬ ಮಗ್ರಿಬ್ ನಂತರ ನಮ್ಮನ್ನು ಕೇಳಿದ: ಹಾಗಾದರೆ ಕ್ರೈಸ್ತರು ಯಾವಾಗಲೂ ನಮ್ಮ ಶತ್ರುಗಳೇ ತಾನೆ? ಅವನ ಮನೆಯ ಕೆಳಗಿನ ಮಹಡಿಯಲ್ಲೇ ಮಂಗಳೂರು ಕಡೆಯ ಕೊಂಕಣಿ ಕ್ರೈಸ್ತ ಕುಟುಂಬವಿದೆ. ಈದ್‌ನ ದಿನ ಶೀರ್ ಖುರ್ಮಾ ಕೆಳಗೆ ಹೋಗುತ್ತದೆ, ಕ್ರಿಸ್ಮಸ್‌ನಲ್ಲಿ ಕಲಕಲ ಮೇಲೆ ಬರುತ್ತದೆ. ಅವನಿಗೆ ಅಂದು ಕೊಟ್ಟ ಉತ್ತರ ನಮಗೇ ಸಾಕೆನಿಸಲಿಲ್ಲ.

ಮೊದಲು, ಮುಚ್ಚಿಡಬಾರದ ಮಾತು. ಪೋರ್ಚುಗೀಸರು ಅರಬ್ಬಿ ಸಮುದ್ರಕ್ಕೆ ವ್ಯಾಪಾರದ ಜೊತೆಗೆ ತೋಪುಗಳನ್ನೂ ತಂದರು. 1502ರಲ್ಲಿ ವಾಸ್ಕೋ ಡ ಗಾಮ ಎರಡನೇ ಬಾರಿ ಬಂದಾಗ, ಮಕ್ಕಾದಿಂದ ಮರಳುತ್ತಿದ್ದ ಯಾತ್ರಿಕರ ಹಡಗೊಂದನ್ನು ಮಲಬಾರ್ ತೀರದ ಬಳಿ ತಡೆದು, ಇದ್ದ ಸಂಪತ್ತನ್ನು ದೋಚಿ, ಜನರ ಸಮೇತ ಸುಟ್ಟ. ತಾಯಂದಿರು ಹಸುಗೂಸುಗಳನ್ನು ಎತ್ತಿ ಹಿಡಿದು ಕರುಣೆ ಬೇಡಿದರೆಂದು ಆ ನೌಕಾದಳದಲ್ಲೇ ಇದ್ದ ಪೋರ್ಚುಗೀಸನೊಬ್ಬ ಬರೆದಿಟ್ಟಿದ್ದಾನೆ. 1510ರಲ್ಲಿ ಅಲ್ಬುಕರ್ಕ್ ಗೋವಾವನ್ನು ಬಿಜಾಪುರದಿಂದ ಕಿತ್ತುಕೊಂಡ. ಮೇ ತಿಂಗಳಲ್ಲಿ ಆದಿಲ್ ಶಾಹಿ ಸೈನ್ಯ ಅವನನ್ನು ಹೊರದಬ್ಬಿತು. ನವೆಂಬರ್ 25ರಂದು ಅವನು ಮತ್ತೆ ನುಗ್ಗಿದ. ಆಗ ಊರಿನ ಮುಸ್ಲಿಮರನ್ನು ಹೆಂಗಸರು ಮಕ್ಕಳೆನ್ನದೆ ಕೊಲ್ಲಿಸಿದ್ದನ್ನೂ, ಮಸೀದಿಯಲ್ಲಿ ಜನರನ್ನು ತುಂಬಿ ಬೆಂಕಿ ಹಚ್ಚಿಸಿದ್ದನ್ನೂ, ಸತ್ತವರು ಸುಮಾರು 6,000 ಎಂಬುದನ್ನೂ ತನ್ನ ದೊರೆಗೆ ತಾನೇ ಪತ್ರ ಬರೆದು ತಿಳಿಸಿದ.

ಆದರೆ ಅವನನ್ನು ಗೋವಾಕ್ಕೆ ಕರೆದವನು ಯಾರು? ಹೊನ್ನಾವರದ ನೌಕಾನಾಯಕ ತಿಮ್ಮಯ್ಯ, ಪೋರ್ಚುಗೀಸ್ ದಾಖಲೆಗಳ ತಿಮೋಜಾ. ಆದಿಲ್ ಶಾಹಿಗಳ ಮೇಲೆ ಅವನಿಗೆ ತನ್ನದೇ ಹಳೆಯ ಸಿಟ್ಟಿತ್ತು. ಮೊದಲ ಹೆಜ್ಜೆಯಲ್ಲೇ ಇದು ಎರಡು ಧರ್ಮಗಳ ನೇರ ಕಾಳಗವಾಗಿ ಉಳಿಯಲಿಲ್ಲ.

ಮುಂದಿನ ಅರವತ್ತು ವರ್ಷ ಸಮುದ್ರ ಅವರದಾಯಿತು. ಕಾರ್ತಾಜ್ ಎಂಬ ಪಾಸು ಇಲ್ಲದೆ ಸಾಗುವ ಹಡಗನ್ನು ಹಿಡಿಯುತ್ತಿದ್ದರು. ಪಾಸಿನ ಬೆಲೆ ಹೆಚ್ಚಿರಲಿಲ್ಲ, ಆದರೆ ಅದನ್ನು ಪಡೆದ ಹಡಗು ಅವರ ಬಂದರಿಗೆ ಬಂದು ಸುಂಕ ಕಟ್ಟಬೇಕಿತ್ತು. ಲಾಭ ಇದ್ದದ್ದು ಅಲ್ಲಿ. ಹಾಜಿಗಳ ಹಡಗಿಗೂ ವಿನಾಯಿತಿ ಇರಲಿಲ್ಲ. ಪಾಸಿನ ಮೇಲೆ ಮರ್ಯಮ್ ಮತ್ತು ಈಸಾ ಅವರ ಚಿತ್ರಗಳಿರುತ್ತಿದ್ದವು. ಅಂಥ ಕಾಗದ ಹಿಡಿದು ಹೋಗುವುದೇ ಅವಮಾನ, ಭೂಮಾರ್ಗವೋ ಇರಾನಿನ ಮೂಲಕ, ಅದೂ ನೆಮ್ಮದಿಯದಲ್ಲ, ಆದ್ದರಿಂದ ಹಿಂದೂಸ್ತಾನದವರಿಗೆ ಹಜ್ಜ್ ಕಡ್ಡಾಯವಲ್ಲ ಎಂದು ಅಕ್ಬರನ ಕಾಲದ ಆಲಿಮ್ ಮಖ್ದೂಮುಲ್ ಮುಲ್ಕ್ ಅಬ್ದುಲ್ಲಾ ಸುಲ್ತಾನ್‌ಪುರಿ ಫತ್ವಾ ಕೊಟ್ಟರೆಂದು ಬದಾಯೂನಿ ಬರೆಯುತ್ತಾರೆ. ಬದಾಯೂನಿಗೆ ಆ ಆಲಿಮರ ಮೇಲೆ ಅಷ್ಟು ಗೌರವವಿರಲಿಲ್ಲ ಎಂಬುದನ್ನೂ ನೆನಪಿಡಬೇಕು. ಫತ್ವಾ ಹೇಗೇ ಇರಲಿ, ಅಕ್ಬರನ ಅತ್ತೆ ಗುಲ್‌ಬದನ್ ಬೇಗಂ ಹಜ್ಜ್‌ಗೆ ಹೊರಟೇ ಹೊರಟರು. ಬಾದಶಹನ ಮನೆಯ ಹೆಣ್ಣುಮಗಳಾದರೂ ಪಾಸಿಗಾಗಿ ಸೂರತ್‌ನಲ್ಲಿ ಬಹುಕಾಲ ಕಾಯಬೇಕಾಯಿತು.

ಬಿಜಾಪುರಕ್ಕೆ ಇದರ ಜೊತೆಗೆ ಬೇರೆ ಸಂಕಟಗಳೂ ಇದ್ದವು. ಸಿಂಹಾಸನದ ಹಕ್ಕು ಹೇಳುತ್ತಿದ್ದ ಆದಿಲ್ ಶಾಹಿ ರಾಜಕುಮಾರನೊಬ್ಬನನ್ನು ಪೋರ್ಚುಗೀಸರು ಗೋವಾದಲ್ಲಿ ಇಟ್ಟುಕೊಂಡು ದಾಳದಂತೆ ಆಡಿಸುತ್ತಿದ್ದರು. ಆ ಬೆದರಿಕೆ ತಪ್ಪಿಸಿಕೊಳ್ಳಲು ಅಲಿಯ ತಂದೆ ಬಾರ್ದೇಸ್ ಮತ್ತು ಸಾಲ್ಸೇಟ್ ಪ್ರಾಂತ್ಯಗಳನ್ನೇ ಬಿಟ್ಟುಕೊಟ್ಟಿದ್ದ. ಅರಬ್ ಮತ್ತು ಇರಾನಿನ ಕುದುರೆಗಳು ಇಳಿಯುತ್ತಿದ್ದದ್ದೂ ಗೋವಾದಲ್ಲಿ. ಯುದ್ಧವಿರಲಿ ಶಾಂತಿಯಿರಲಿ, ಬಿಜಾಪುರದ ಸವಾರ ಏರುವ ಕುದುರೆಯ ಸುಂಕ ಪೋರ್ಚುಗೀಸರ ಪೆಟ್ಟಿಗೆಗೆ ಹೋಗುತ್ತಿತ್ತು. ಆದ್ದರಿಂದ ಅಲಿ ಆದಿಲ್ ಶಾಹ್ ಬರೀ ಹಾಜಿಗಳಿಗಾಗಿ ಕತ್ತಿ ಹಿರಿದನೆಂದು ನಾವು ಹೇಳುವುದಿಲ್ಲ. ನೆಲ, ಸುಂಕ, ಕುದುರೆ, ಮಾನ, ಹಜ್ಜ್ ದಾರಿ ಎಲ್ಲವೂ ಅದರಲ್ಲಿ ಬೆರೆತಿದ್ದವು.

1565ರಲ್ಲಿ ವಿಜಯನಗರ ಬಿದ್ದ ಮೇಲೆ ಅವನ ಕೈ ಬಿಡುವಾಯಿತು. ಇತ್ತ ಪೋರ್ಚುಗೀಸರು 1568ರಲ್ಲಿ ಮಂಗಳೂರನ್ನೂ 1569ರಲ್ಲಿ ಹೊನ್ನಾವರ ಮತ್ತು ಬಸರೂರನ್ನೂ ಹಿಡಿದು ಕನ್ನಡ ಕರಾವಳಿಯಲ್ಲಿ ಕೋಟೆ ಕಟ್ಟುತ್ತಿದ್ದರು. ಆಗ ಒಂದು ದೊಡ್ಡ ಕೂಟ ಏರ್ಪಟ್ಟಿತು. ಅಲಿ ಗೋವಾಕ್ಕೆ, ಅವನ ಬೇಗಂ ಚಾಂದ್ ಬೀಬಿಯ ಸಹೋದರ ಅಹ್ಮದ್‌ನಗರದ ಮುರ್ತಜಾ ನಿಜಾಂ ಶಾಹ್ ಚೌಲ್‌ಗೆ, ಕಲ್ಲಿಕೋಟೆಯ ಸಾಮೂದಿರಿ ಚಾಲಿಯಂ ಕೋಟೆಗೆ ಮುತ್ತಿಗೆ ಹಾಕಬೇಕು. ಸಾಮೂದಿರಿ ಹಿಂದೂ ರಾಜ, ಅವನ ನೌಕಾಬಲ ಕುಂಞಾಲಿ ಮರಕ್ಕಾರರೆಂಬ ಮುಸ್ಲಿಂ ನಾವಿಕರು. ಆದಿಲ್ ಶಾಹನ ಪ್ರೇರಣೆಯಿಂದ ಗೇರುಸೊಪ್ಪೆಯ ಜೈನ ರಾಣಿಯೂ ಹೊನ್ನಾವರದ ಪೋರ್ಚುಗೀಸರ ಮೇಲೆ ಬಿದ್ದಳು.

1570ರ ಕೊನೆಯಲ್ಲಿ ಅಲಿಯ ಸೈನ್ಯ ಘಟ್ಟ ಇಳಿದು ಫೋಂಡಾ ಕಡೆಯಿಂದ ಬಂದು ಬಾಣಸ್ತಾರಿಯ ಎದುರು ಬೀಡುಬಿಟ್ಟಿತು. ಗೋವಾ ನಗರವಿದ್ದದ್ದು ದ್ವೀಪದಲ್ಲಿ. ಉತ್ತರಕ್ಕೆ ಮಾಂಡವಿ, ದಕ್ಷಿಣಕ್ಕೆ ಜುವಾರಿ, ಇವೆರಡನ್ನೂ ಜೋಡಿಸುವ ಕುಂಬಾರ್ಜುವಾ ಕಾಲುವೆ ಪೂರ್ವಕ್ಕೆ. ಬಿಜಾಪುರದ ತೋಪುಗಳು ದಡದಿಂದ ಗುಂಡು ಹಾರಿಸಿದವು. ಒಳಗೆ ಪೋರ್ಚುಗೀಸ್ ಯೋಧರು ಸಾವಿರಕ್ಕೂ ಕಡಿಮೆ. ಹೊರಗಿನ ಸೈನ್ಯ ಅದರ ಎಷ್ಟೋ ಪಟ್ಟು. ಆದರೂ ದಾಟಲಾಗಲಿಲ್ಲ. ಕಾಲುವೆಯ ಕಡವುಗಳನ್ನು ಸಣ್ಣ ತೋಪುದೋಣಿಗಳು ಹಗಲಿರುಳು ಕಾಯುತ್ತಿದ್ದವು. ಮುತ್ತಿಗೆಯೆಂದರೆ ಒಳಗಿನವರಿಗೆ ಅನ್ನ ನೀರು ತಪ್ಪಿಸುವುದು. ಇಲ್ಲಿ ಸಮುದ್ರದ ಕಡೆಯ ಬಾಗಿಲು ತೆರೆದೇ ಇತ್ತು. ವೈಸ್‌ರಾಯ್ ಲೂಯಿಸ್ ದ ಅತಾಯಿದ್ ಎಷ್ಟು ನಿಶ್ಚಿಂತನಾಗಿದ್ದನೆಂದರೆ, ಮುತ್ತಿಗೆಯ ನಡುವೆಯೇ ಲಿಸ್ಬನ್‌ಗೆ ಹೋಗುವ ವಾರ್ಷಿಕ ಹಡಗುಗಳನ್ನು ಕಳಿಸಿದ, ಚೌಲ್‌ಗೂ ನೆರವು ಕಳಿಸಿದ. ಗುಂಬಜ್ ಎತ್ತುವ, ಬೃಹತ್ ತೋಪು ಎರಕ ಹೊಯ್ಯುವ ವಿದ್ಯೆ ದಖ್ಖನಿನ ಸುಲ್ತಾನರಲ್ಲಿತ್ತು. ಬಿಜಾಪುರಕ್ಕೆ ಹೋದವರು ಹತ್ತಿ ನೋಡುವ ಮಲಿಕ್‌-ಎ-ಮೈದಾನ್ ತೋಪು 1549ರಲ್ಲಿ ಅಹ್ಮದ್‌ನಗರದಲ್ಲಿ ರೂಮಿ, ಅಂದರೆ ತುರ್ಕಿ ಮೂಲದ ಕುಶಲಿಯೊಬ್ಬ ಎರಕ ಹೊಯ್ದದ್ದು. ತೋಪಿದ್ದರೂ ಅದನ್ನು ಹೊತ್ತು ನದೀಮುಖ ಮುಚ್ಚಬಲ್ಲ ಹಡಗುಪಡೆ ಬಿಜಾಪುರಕ್ಕೆ ಇರಲಿಲ್ಲ.

ಚೌಲ್‌ನ ಕಥೆ ಇನ್ನೂ ನಾಚಿಕೆಯದು. ನಿಜಾಂ ಶಾಹನ ಸರದಾರರೇ ಪೋರ್ಚುಗೀಸರಿಂದ ಲಂಚ, ಮುಖ್ಯವಾಗಿ ಮದ್ಯ, ಪಡೆದು ರಾತ್ರಿ ಹೊತ್ತು ಕೋಟೆಯೊಳಗೆ ದವಸ ಬಿಟ್ಟರು. ಇದನ್ನು ಬರೆದವನು ಪರಕೀಯನಲ್ಲ, ಬಿಜಾಪುರದ ಆಸ್ಥಾನದ ಇತಿಹಾಸಕಾರ ಫರಿಶ್ತಾ.

ಮಳೆಗಾಲ ಕಳೆಯುವ ಹೊತ್ತಿಗೆ, 1571ರ ಆಗಸ್ಟ್‌ನಲ್ಲಿ, ಅಲಿ ಹಿಂದೆ ಸರಿದ. ಡಿಸೆಂಬರ್‌ನಲ್ಲಿ ಒಪ್ಪಂದವಾಯಿತು. ಬಿಜಾಪುರದ ಹಡಗುಗಳು ಆಮೇಲೂ ಪೋರ್ಚುಗೀಸ್ ಪಾಸು ಹಿಡಿದೇ ಹೊರಟವು. ಮೂರರಲ್ಲಿ ಗೆದ್ದದ್ದು ಸಾಮೂದಿರಿ ಒಬ್ಬನೇ: ಚಾಲಿಯಂ ಅದೇ ವರ್ಷ ಅವನ ಕೈಸೇರಿತು. ಅದೇ ಅಕ್ಟೋಬರ್ 7ರಂದು ದೂರದ ಲೆಪಾಂಟೊದಲ್ಲಿ ಉಸ್ಮಾನಿ ನೌಕಾಪಡೆ ಸೋತಿತು. ವೀಡಿಯೊಗಳಿಗೆ ಗೊತ್ತಿರುವುದು ಅದೊಂದೇ.

ಮಲಬಾರಿನ ಆಲಿಮ್ ಝೈನುದ್ದೀನ್ ಮಖ್ದೂಮ್ ಈ ಕಾಲದ ಸಂಕಟಗಳನ್ನು ಅರಬಿಯಲ್ಲಿ 'ತುಹ್ಫತುಲ್ ಮುಜಾಹಿದೀನ್' ಎಂಬ ಗ್ರಂಥವಾಗಿ ಬರೆದರು. ಹಜ್ಜ್‌ಗೆ ಹೋಗದಂತೆ ಪೋರ್ಚುಗೀಸರು ತಡೆದದ್ದನ್ನು ಅವರು ನೋವಿನಿಂದ ದಾಖಲಿಸಿದ್ದಾರೆ. ಗ್ರಂಥವನ್ನು ಅರ್ಪಿಸಿದ್ದು ಅಲಿ ಆದಿಲ್ ಶಾಹನಿಗೆ. ಬರೆದವರು ಶಾಫಿಈ ಸುನ್ನಿ, ಸುಲ್ತಾನ ಶಿಯಾ. ಅದೇ ಗ್ರಂಥದಲ್ಲಿ ಅವರು, ಮುಸ್ಲಿಮರನ್ನು ಗೌರವದಿಂದ ನಡೆಸಿಕೊಂಡು ಅವರ ಪರವಾಗಿ ಖಜಾನೆ ಬರಿದು ಮಾಡಿಕೊಂಡ ಹಿಂದೂ ಸಾಮೂದಿರಿಯನ್ನು ಮನಸಾರೆ ಹೊಗಳುತ್ತಾರೆ. ಬೆಂಕಿಯ ಕಾಲದಲ್ಲಿ ಕೂತು ಬರೆದವರಿಗೆ ಇದ್ದ ಆ ವಿವೇಚನೆ, ಜಯನಗರದಲ್ಲಿ ಫ್ಯಾನಿನ ಕೆಳಗೆ ಕೂತು ಓದುವ ನಮಗೆ ಕಷ್ಟವಾಗಬಾರದು.

ಆ ಹುಡುಗನಿಗೆ ಇನ್ನೊಂದು ವಿಷಯ ಹೇಳಬೇಕಿತ್ತು. 1560ರಲ್ಲಿ ಗೋವಾದಲ್ಲಿ ಇನ್ಕ್ವಿಸಿಷನ್ ಎಂಬ ಧಾರ್ಮಿಕ ವಿಚಾರಣಾ ನ್ಯಾಯಾಲಯ ಶುರುವಾಯಿತು. ಅದು ಹೆಚ್ಚಾಗಿ ಕಾಡಿದ್ದು ಹೊಸದಾಗಿ ಕ್ರೈಸ್ತರಾದವರನ್ನೇ. ಹಳೆಯ ಪದ್ಧತಿ, ಹಳೆಯ ಊಟ ಉಡುಗೆ ಬಿಡಲಿಲ್ಲವೆಂದು ಅವರನ್ನು ಹಿಡಿದು ದಂಡಿಸಿದರು. ಆ ಭಯ, ತೆರಿಗೆ, ಬರ, ಯುದ್ಧಗಳಿಂದ ತಪ್ಪಿಸಿಕೊಂಡು ತಲೆಮಾರುಗಳ ಕಾಲ ಕೊಂಕಣಿ ಕ್ರೈಸ್ತರು ದಕ್ಷಿಣಕ್ಕೆ, ಕನ್ನಡ ಕರಾವಳಿಗೆ ಬಂದು ನೆಲೆಸಿದರು. ಮಂಗಳೂರಿನ ಕ್ರೈಸ್ತರಲ್ಲಿ ಬಹುಮಂದಿಯ ಮೂಲ ಇದು. ಕೆಳಗಿನ ಮಹಡಿಯವರ ಹಿರಿಯರೂ ಆ ಕೋಟೆಯಿಂದ ದೂರ ಓಡಿ ಬಂದವರೇ ಇರಬಹುದು.

ರಜೆಯಲ್ಲಿ ಗೋವಾಕ್ಕೆ ಹೋಗುವ ಕುಟುಂಬಗಳು ಫೋಂಡಾದಲ್ಲಿ ಸ್ವಲ್ಪ ಹೊತ್ತು ಇಳಿಯಲಿ. ಆದಿಲ್ ಶಾಹಿ ಕಾಲದಲ್ಲಿ, 1560ರಲ್ಲಿ ಕಟ್ಟಿದ ಸಫಾ ಮಸೀದಿ ಅಲ್ಲಿದೆ, ಪಕ್ಕದಲ್ಲಿ ಮೆಟ್ಟಿಲುಗಳ ದೊಡ್ಡ ಹೊಂಡ. ಎರಡು ರಕಅತ್ ನಮಾಝ್ ಮುಗಿಸಿ ಪಣಜಿಯ ಬಸ್ ಹತ್ತಿದರೆ ದಾರಿಯಲ್ಲಿ ಬಾಣಸ್ತಾರಿಯ ಸೇತುವೆ ಬರುತ್ತದೆ. ಕೆಳಗೆ ಹರಿಯುವುದೇ ಕುಂಬಾರ್ಜುವಾ ಕಾಲುವೆ. ಅದರಲ್ಲಿ ಇಂದಿಗೂ ಮೊಸಳೆಗಳಿವೆ, ಮಕ್ಕಳಿಗೆ ಕಿಟಕಿಯ ಕಡೆ ಸೀಟು ಕೊಡಿ.