ಬಿಡದಿಗೆ ಮುಂದೆ ಎಂತ ಬತ್ತ್?

ಅಕ್ಕನ ಮಗನಿಗೆ ಹನ್ನೊಂದು ವರ್ಷ. ಕೋಟೇಶ್ವರದಲ್ಲಿದ್ದಾನೆ. ಭಾನುವಾರ ಅಕ್ಕನಿಗೆ ಫೋನ್ ಮಾಡಿದರೆ ಎತ್ತೋದೇ ಇವನು. ಹೋದ ಭಾನುವಾರ ಹಲೋ ಅನ್ನೋ ಶಾಸ್ತ್ರವೂ ಇಲ್ಲ.

"ಮಾವ, ಚೆನ್ನೈಯಂಗ್ ದೊಡ್ ರೋಲರ್ ಕೋಸ್ಟರ್ ಬಂತಂಬ್ರಲೆ. ಬಿಡದಿಗ್ ಮುಂದೆ ಎಂತ ಬತ್ತ್?"

"ನಂಗೆಂತ ಗೊತ್ತ್ ಮಾರಾಯ?"

"ಹಂಗಾರ್ ಈ ರಜಿಯಂಗ್ ಬಪ್ಪುದ್ ಬ್ಯಾಡ. ಹೊಸದ್ ಬಂದ್ಮೇಲೇ ಬಪ್ಪುದ್."

ಸಮಸ್ಯೆ ಏನು ಅಂದರೆ, ಅವನು ಬರಬೇಕಾದ್ದು ಅಪ್ಪಯ್ಯನ ಜೊತೆ. ಅಪ್ಪಯ್ಯನಿಗೆ ಎಪ್ಪತ್ತೆರಡು. ರಾತ್ರಿ ಬಸ್ಸು ಹತ್ತೋದು ವರ್ಷದಿಂದ ವರ್ಷಕ್ಕೆ ಅವರಿಗೆ ಕಷ್ಟ ಆಗ್ತಾ ಇದೆ. ಮೊಮ್ಮಗ ಹೊರಟರೆ ಮಾತ್ರ ಹೊರಡ್ತಾರೆ, ಇಲ್ಲದಿದ್ದರೆ ತೋಟಕ್ಕೆ ನೀರು ಬಿಡೋರು ಯಾರು ಅಂತ ಅಲ್ಲೇ ಕೂರ್ತಾರೆ. ಹಾಗಾಗಿ ಮಾಣಿಯ ಪ್ರಶ್ನೆಯನ್ನು ನಾನು ಸ್ವಲ್ಪ ಗಂಭೀರವಾಗಿಯೇ ತೆಗೆದುಕೊಂಡೆ. 'ಮುಂದಿನ ರಿಲೀಸ್‌ನಲ್ಲಿ ಬರುತ್ತೆ' ಅನ್ನೋ ಮಾತನ್ನು ಸಂಬಳಕ್ಕೆ ಹೇಳುವವನು ನಾನು. ಆ ಮಾತಿನ ಮೇಲೆ ರಜೆ ಮುಂದೂಡಬಹುದಾ ಅಂತ ನೋಡಬೇಕಿತ್ತು.

ಅವನು ಹೇಳಿದ್ದು ತಂಜೋರಾದ ಬಗ್ಗೆ. 2025ರ ಡಿಸೆಂಬರ್‌ನಲ್ಲಿ ಚೆನ್ನೈ ಹೊರವಲಯದಲ್ಲಿ ವಂಡರ್‌ಲಾದ ಐದನೇ ಪಾರ್ಕ್ ಶುರುವಾಯಿತಲ್ಲ, ಅದರ ದೊಡ್ಡ ರೋಲರ್ ಕೋಸ್ಟರ್. ಸೀಟು ಹಳಿಯ ಕೆಳಗೆ ನೇತಾಡುತ್ತೆ, ಕಾಲ ಕೆಳಗೆ ಬರೀ ಗಾಳಿ. ನಮ್ಮ ಬಿಡದಿಯ ಪಾರ್ಕ್ ಶುರುವಾಗಿದ್ದು 2005ರಲ್ಲಿ. ಇಪ್ಪತ್ತು ವರ್ಷ ಹಳೇದಕ್ಕೆ ಹೊಸದೊಂದು ಬರಬೇಕು ಅನ್ನೋದು ಮಾಣಿಯ ಲೆಕ್ಕ. ತಪ್ಪೇನಲ್ಲ.

ಈ ಊಹೆಯ ಆಟ ನನಗೇನೂ ಹೊಸದಲ್ಲ. ನಾವು ಸಣ್ಣವರಿದ್ದಾಗ ಇದನ್ನೇ ಆಡ್ತಿದ್ದದ್ದು ಕೊಡಿ ಹಬ್ಬಕ್ಕೆ. ಕೋಟೇಶ್ವರದ ಕೋಟಿಲಿಂಗೇಶ್ವರ ದೇವಸ್ಥಾನದ ತೇರು ವೃಶ್ಚಿಕ ಮಾಸದ ಹುಣ್ಣಿಮೆಗೆ. ಹೊಸದಾಗಿ ಮದುವೆ ಆದವರು ಬಂದು ಕಬ್ಬಿನ ಕೊಡಿ ತಗೊಂಡು ಹೋಗೋದು ಪದ್ಧತಿ. ನಮಗೆ ಕಬ್ಬೂ ಮುಖ್ಯ ಅಲ್ಲ, ತೇರೂ ಅಲ್ಲ (ಅಪ್ಪಯ್ಯ ಇದನ್ನು ಓದೋದಿಲ್ಲ ಅನ್ನೋ ಧೈರ್ಯದಲ್ಲಿ ಬರೀತಿದ್ದೇನೆ). ಹಬ್ಬಕ್ಕೆ ಕೆಲವು ದಿನ ಮೊದಲೇ ಲಾರಿಯಲ್ಲಿ ಬಂದು ಇಳಿಯೋ ಕಬ್ಬಿಣ ಮುಖ್ಯ. ಶಾಲೆ ಬಿಟ್ಟ ಮೇಲೆ ಗದ್ದೆಬದಿಯಲ್ಲಿ ನಿಂತು ಆ ರಾಶಿಯಿಂದ ಲೆಕ್ಕ ಹಾಕ್ತಿದ್ವಿ. ಉದ್ದ ಉದ್ದ ಕೈಗಳಿದ್ದರೆ ಜಾಯಿಂಟ್ ವೀಲ್. ಎರಡು ದೊಡ್ಡ ಕಂಬ, ಹಡಗಿನ ಮೂತಿ ಇದ್ದರೆ ಕೊಲಂಬಸ್. ಬರೀ ಹಲಗೆ ಇದ್ದರೆ ಮರಣ ಬಾವಿ. ಒಂದು ವರ್ಷ ಬಾಗಿದ ಹಳಿಯ ತುಂಡುಗಳು ಬಂದಾಗ ಒಬ್ಬ ಗೆಳೆಯ 'ರೈಲ್ವೇಯವರು ಬಂದಿರ್' ಅಂದ. ಕೊಂಕಣ ರೈಲು ಶುರುವಾದ ಕಾಲ ಅದು, ನಾವು ನಂಬಿದ್ವಿ. ಆಮೇಲೆ ನೋಡಿದರೆ ಮಕ್ಕಳ ಡ್ರ್ಯಾಗನ್ ರೈಲು.

ವಿಷಯ ಏನು ಅಂದರೆ, ಆ ಮಕ್ಕಳಾಟದಲ್ಲಿ ಪದ್ಧತಿ ಸರಿ ಇತ್ತು. ನಮಗೆ ಯಾವುದು ಬೇಕು ಅಂತ ನೋಡ್ತಿರಲಿಲ್ಲ, ಗದ್ದೆಯಲ್ಲಿ ಏನು ಬಿದ್ದಿದೆ ಅಂತ ನೋಡ್ತಿದ್ವಿ. ರೋಲರ್ ಕೋಸ್ಟರ್ ಚರಿತ್ರೆ ಓದುತ್ತಾ ಹೋದ ಹಾಗೆ ನನಗೆ ಅದೇ ಕಂಡಿದ್ದು. ಪ್ರತಿ ಸಲ 'ಮುಂದಿನದು' ಹುಟ್ಟಿರೋದು ಅಲ್ಲಿ ಆಗ ಬಿದ್ದುಕೊಂಡಿದ್ದ ವಸ್ತುವಿನಿಂದ.

ರಷ್ಯದಲ್ಲಿ ಬಿದ್ದಿದ್ದು ಹಿಮ. ಸೇಂಟ್ ಪೀಟರ್ಸ್‌ಬರ್ಗ್ ಕಡೆ ಮರದ ಅಟ್ಟಣಿಗೆ ಕಟ್ಟಿ, ಇಳಿಜಾರಿಗೆ ನೀರು ಹೊಯ್ದು ಗಟ್ಟಿ ಮಾಡಿ, ಅದರ ಮೇಲಿಂದ ಜಾರ್ತಿದ್ರು. ರಾಣಿ ಕ್ಯಾಥರೀನ್‌ಗೆ ಬೇಸಿಗೆಯಲ್ಲೂ ಬೇಕಾಯ್ತು, ಗಾಡಿಗೆ ಚಕ್ರ ಬಂತು. 1817ರ ಹೊತ್ತಿಗೆ ಪ್ಯಾರಿಸ್‌ನಲ್ಲಿ ಚಕ್ರ ಹಳಿ ಬಿಟ್ಟು ಹೋಗದ ಹಾಗೆ ಮಾಡಿದ ಗಾಡಿಗಳು ಓಡ್ತಿದ್ವು. ಫ್ರೆಂಚರು ಇವತ್ತಿಗೂ ಇದನ್ನು 'ರಷ್ಯದ ಬೆಟ್ಟ' ಅಂತಾರೆ. ರಷ್ಯದವರು ಮಾತ್ರ 'ಅಮೆರಿಕದ ಬೆಟ್ಟ' ಅಂತಾರೆ. ಬೆಂಗಳೂರಿನ ಹೋಟೆಲಿನಲ್ಲಿ 'ಮಂಗಳೂರು ಬಜ್ಜಿ' ಅಂತ ಬರೆದಿರೋದಕ್ಕೆ ನಮ್ಮ ಕಡೆ ಗೋಳಿಬಜೆ ಅಂತಷ್ಟೇ ಹೇಳೋದಿಲ್ವಾ, ಹಾಗೆ.

ಅಮೆರಿಕದಲ್ಲಿ ಬಿದ್ದಿದ್ದು ಕಲ್ಲಿದ್ದಲು. ಈ ಕತೆ ನನಗೆ ಎಲ್ಲಕ್ಕಿಂತ ಇಷ್ಟ. ಪೆನ್ಸಿಲ್ವೇನಿಯಾದ ಮಾಕ್ ಚಂಕ್ ಅನ್ನೋ ಊರಲ್ಲಿ ಬೆಟ್ಟದ ಮೇಲೆ ಗಣಿ, ಕೆಳಗೆ ನದಿ. 1827ರಲ್ಲಿ ನಡುವೆ ಹಳಿ ಹಾಕಿದರು, ಸುಮಾರು 14 ಕಿಲೋಮೀಟರ್. ಎಂಜಿನ್ ಇಲ್ಲ. ತುಂಬಿದ ಗಾಡಿ ಇಳಿಜಾರಿನಲ್ಲಿ ತಾನೇ ಇಳೀತಿತ್ತು, ಬ್ರೇಕ್ ಹಿಡಿಯೋಕೆ ಒಬ್ಬ ಮನುಷ್ಯ. ಖಾಲಿ ಗಾಡಿಯನ್ನು ಮತ್ತೆ ಮೇಲಕ್ಕೆ ಎಳೆಯೋದು ಹೇಸರಗತ್ತೆಗಳ ಕೆಲಸ. ಆ ಹೇಸರಗತ್ತೆಗಳನ್ನು ಕೆಳಗೆ ತರಬೇಕಲ್ಲ? ಅವುಗಳಿಗೂ ಬೇರೆ ಗಾಡಿ ಕಟ್ಟಿ, ನಿಲ್ಲಿಸಿ, ಕಲ್ಲಿದ್ದಲಿನ ಹಿಂದೆಯೇ ಬಿಡ್ತಿದ್ರು. ಒಮ್ಮೆ ಹಾಗೆ ಸವಾರಿ ಮಾಡಿ ಅಭ್ಯಾಸವಾದ ಮೇಲೆ ಅವು ನಡೆದು ಇಳಿಯೋಕೆ ಒಪ್ಪುತ್ತಲೇ ಇರಲಿಲ್ಲವಂತೆ. ರೋಲರ್ ಕೋಸ್ಟರ್‌ನ ಮೊದಲ ಅಭಿಮಾನಿಗಳು ಯಾರು ಅಂತ ಯಾರಾದರೂ ಕ್ವಿಜ್‌ನಲ್ಲಿ ಕೇಳಿದರೆ ನೆನಪಿರಲಿ. ಆಮೇಲೆ ಮೇಲೆಳೆಯೋಕೆ ಉಗಿ ಯಂತ್ರ ಬಂತು. 1870ರ ದಶಕದಲ್ಲಿ ಕಲ್ಲಿದ್ದಲು ಬೇರೆ ರೈಲು ದಾರಿ ಹಿಡೀತು. ಹಳಿ ಖಾಲಿ ಬಿತ್ತು. ಕಿತ್ತು ಹಾಕೋ ಬದಲು ಜನರಿಂದ ದುಡ್ಡು ತಗೊಂಡು ಕೂರಿಸಿದರು. 1930ರ ದಶಕದವರೆಗೂ ಜನ ಅದರಲ್ಲಿ ಜಾರಿದರು.

ಇದೇ ಇಳಿಜಾರಿನ ಉಪಾಯವನ್ನು ನ್ಯೂಯಾರ್ಕಿನ ಕೋನಿ ಐಲೆಂಡ್ ಕಡಲಬದಿಯಲ್ಲಿ ಕೂರಿಸಿದವನು ಲಾಮಾರ್ಕಸ್ ಥಾಂಪ್ಸನ್. ಮೊದಲು ಕಾಲುಚೀಲದ ವ್ಯಾಪಾರ ಮಾಡಿಕೊಂಡಿದ್ದವನು. 1884ರ ಅವನ ಗಾಡಿಯ ವೇಗ ಗಂಟೆಗೆ ಸುಮಾರು 10 ಕಿಲೋಮೀಟರ್, ಅಂದರೆ ಸಾಯಂಕಾಲ ಆರು ಗಂಟೆಯ ಸಿಲ್ಕ್ ಬೋರ್ಡ್. ಆ ತುದಿಯಲ್ಲಿ ಎಲ್ಲರೂ ಇಳೀಬೇಕು, ಕೆಲಸದವರು ಗಾಡಿಯನ್ನು ಇನ್ನೊಂದು ಹಳಿಗೆ ತಳ್ಳಬೇಕು, ಮತ್ತೆ ಹತ್ತಿ ವಾಪಸ್. ಟಿಕೆಟ್ ಐದು ಸೆಂಟ್. ಕೊಡಿ ಹಬ್ಬದಲ್ಲಿ ನಮ್ಮ ಕಾಲಕ್ಕೆ ಜಾಯಿಂಟ್ ವೀಲ್‌ಗೆ ಐದು ರೂಪಾಯಿ ಇತ್ತು.

ನಡುವಿನ ನೂರು ವರ್ಷವನ್ನು ಬೇಗ ದಾಟುತ್ತೇನೆ. 1895ರಲ್ಲಿ ಅದೇ ಕೋನಿ ಐಲೆಂಡ್‌ನಲ್ಲಿ ಗಾಡಿಯನ್ನು ಪೂರ್ತಿ ತಲೆಕೆಳಗು ಮಾಡಿದರು. ಸುತ್ತು ಸರಿಯಾದ ವೃತ್ತವಾಗಿದ್ದರಿಂದ ಒಳಗೆ ಹೋಗುವಾಗಲೇ ಕುತ್ತಿಗೆಗೆ ಹೊಡೆತ. ಅದು ಸರಿಯಾಗಿದ್ದು 1976ರಲ್ಲಿ, ಜರ್ಮನಿಯ ಎಂಜಿನಿಯರ್ ವರ್ನರ್ ಸ್ಟೆಂಗೆಲ್ ಸುತ್ತನ್ನು ಕಣ್ಣೀರ ಹನಿಯ ಆಕಾರಕ್ಕೆ ತಂದಾಗ. ಹಳೇ ಬಗ್‌ಗೆ ಎಂಬತ್ತು ವರ್ಷದ ನಂತರ ಫಿಕ್ಸ್! ಆಮೇಲೆ ಸ್ವಿಟ್ಜರ್ಲೆಂಡಿನಲ್ಲಿ ಬೊಲಿಗರ್, ಮ್ಯಾಬಿಲಾರ್ಡ್ ಅನ್ನೋ ಇಬ್ಬರು ಎಂಜಿನಿಯರ್‌ಗಳು 1988ರಲ್ಲಿ ಕಂಪನಿ ಕಟ್ಟಿ, 1992ರಲ್ಲಿ ಹಳಿಯ ಕೆಳಗೆ ನೇತಾಡೋ ಗಾಡಿ ಮಾಡಿದರು. ತಂಜೋರಾ ಅದರದ್ದೇ ಸಂತಾನ. ಅದೇ ಕಂಪನಿಯ ಇನ್ನೊಂದು ಗಾಡಿ 2013ರಿಂದಲೇ ಮುಂಬೈ-ಪುಣೆ ನಡುವಿನ ಇಮ್ಯಾಜಿಕಾದಲ್ಲಿ ನೈಟ್ರೋ ಅನ್ನೋ ಹೆಸರಲ್ಲಿದೆ. ಅದರಲ್ಲಿ ಸೀಟಿಗೆ ತಳವೇ ಇಲ್ಲ.

ಭಾರತದ್ದು ಬೇರೆ ಕತೆ. ಇಲ್ಲಿ ಬಿದ್ದಿದ್ದು, ಅಥವಾ ಬೀಳದೆ ಇದ್ದದ್ದು, ಜಾಗ ಮತ್ತು ತೆರಿಗೆ. ದೆಹಲಿಯ ಅಪ್ಪು ಘರ್ 1984ರಲ್ಲಿ ಶುರುವಾಗಿ 2008ರಲ್ಲಿ ಮುಚ್ಚಿತು. ಜಾಗ ಸುಪ್ರೀಂ ಕೋರ್ಟಿನ ವಿಸ್ತರಣೆಗೆ, ಮೆಟ್ರೋಗೆ ಬೇಕಿತ್ತು. ವಂಡರ್‌ಲಾ ಕಟ್ಟಿದ ಕೊಚೌಸೆಫ್ ಚಿಟ್ಟಿಲಪ್ಪಿಳ್ಳಿ ಮೂಲತಃ ವೋಲ್ಟೇಜ್ ಸ್ಟೆಬಿಲೈಸರ್ ಮನುಷ್ಯ, ವಿ-ಗಾರ್ಡ್‌ನವರು. 2000ದಲ್ಲಿ ಕೊಚ್ಚಿಯಲ್ಲಿ ಮೊದಲ ಪಾರ್ಕ್, ಆಮೇಲೆ ಬಿಡದಿ, 2016ರಲ್ಲಿ ಹೈದರಾಬಾದ್, 2024ರಲ್ಲಿ ಭುವನೇಶ್ವರ. ಚೆನ್ನೈ ಈ ಪಟ್ಟಿಯಲ್ಲಿ ತುಂಬ ಮೊದಲೇ ಬರಬೇಕಿತ್ತು. ಜಾಗವೂ ಇತ್ತು. ಆದರೆ ತಮಿಳುನಾಡಿನ ಮನರಂಜನಾ ತೆರಿಗೆಯ ವಿಷಯ ಬಗೆಹರಿಯದೆ ವರ್ಷಗಟ್ಟಲೆ ಹಾಗೇ ನಿಂತಿತ್ತು. ಕೊನೆಗೆ ವಿನಾಯಿತಿ ಸಿಕ್ಕ ಮೇಲೆ 600 ಕೋಟಿ ರೂಪಾಯಿಗೂ ಹೆಚ್ಚು ಸುರಿದು ಕಟ್ಟಿದರು. ಈ ಉದ್ಯಮಕ್ಕೆ 2017ರ ಜುಲೈನಲ್ಲಿ ಹಾಕಿದ ಜಿಎಸ್‌ಟಿ ಶೇ. 28. ಆರೇ ತಿಂಗಳಲ್ಲಿ, 2018ರ ಜನವರಿಯಲ್ಲಿ, ಶೇ. 18ಕ್ಕೆ ಇಳೀತು. ಇಷ್ಟು ಎತ್ತರದಿಂದ ಇಷ್ಟು ಬೇಗ ಇಳಿದ ಇನ್ನೊಂದು ಗಾಡಿ ನನಗೆ ಗೊತ್ತಿಲ್ಲ.

ಬಿಡದಿಯ ರಿಕಾಯಿಲ್ ಕೂಡ ಇದೇ ಪಾಠ ಹೇಳುತ್ತೆ. ಗಾಡಿಯನ್ನು ಹಿಂದಕ್ಕೆ ಎತ್ತರಕ್ಕೆಳೆದು ಬಿಡ್ತಾರೆ, ಮೂರು ಸಲ ತಲೆಕೆಳಗಾಗಿ ಆ ಕಡೆಯ ಎತ್ತರಕ್ಕೆ ಹೋಗುತ್ತೆ, ಮತ್ತೆ ಅದೇ ಮೂರು ಹಿಮ್ಮುಖವಾಗಿ. ಡಚ್ ಕಂಪನಿ ವೆಕೋಮಾದ ಬೂಮರಾಂಗ್ ಅನ್ನೋ ಮಾದರಿ ಇದು. ಹಳಿಯ ಉದ್ದ 285 ಮೀಟರ್ ಅಷ್ಟೇ, ಹೋದ ದಾರಿಯಲ್ಲೇ ವಾಪಸ್ ಬರೋದರಿಂದ ಒಂದೇ ಹಳಿಯಲ್ಲಿ ಎರಡು ಸಲದ ಮಜಾ. ಜಗತ್ತಿನಲ್ಲಿ ಐವತ್ತಕ್ಕೂ ಹೆಚ್ಚು ಕಡೆ ಇದನ್ನೇ ತಂದು ನಿಲ್ಲಿಸಿದ್ದಾರೆ. ಜಾಗ ಕಡಿಮೆ, ಡಿಸೈನ್ ಖರ್ಚು ಇಲ್ಲ. ನಾವು ಲೈಬ್ರರಿ ಇಂಪೋರ್ಟ್ ಮಾಡೋ ಹಾಗೆ.

ಹಾಗಾದರೆ ಮುಂದಿನದು? ನನ್ನ ಊಹೆ ಹೇಳ್ತೇನೆ, ತಪ್ಪಾದರೆ ಮಾಣಿ ಬೈದುಕೊಳ್ಳಲಿ. ದೊಡ್ಡ ದುಡ್ಡು ಈಗಷ್ಟೇ ಚೆನ್ನೈಗೆ ಹೋಗಿದೆ, ಅದು ದುಡಿದು ವಾಪಸ್ ಕೊಡೋಕೆ ಸಮಯ ಬೇಕು. ಬಿಡದಿಯ 82 ಎಕರೆಯಲ್ಲಿ ಅರ್ಧಕ್ಕರ್ಧ ನೀರಾಟ, ಮರ, ದಾರಿ. ಹೊಸದು ಬಂದರೂ ತಂಜೋರಾದಂತೆ ಎತ್ತರಕ್ಕೆ ಸರಪಳಿಯಲ್ಲಿ ಎಳೆದು ಬಿಡೋದಕ್ಕಿಂತ, ಅಯಸ್ಕಾಂತದ ಬಲದಿಂದ ನೆಲದಲ್ಲೇ ಚಿಮ್ಮಿಸೋ ಪುಟ್ಟ ಜಾತಿಯದ್ದು ಬರೋ ಸಾಧ್ಯತೆ ಹೆಚ್ಚು. ಯಾವಾಗ? ಇವತ್ತೇ ಆರ್ಡರ್ ಕೊಟ್ಟರೂ ವಿನ್ಯಾಸ, ಉಕ್ಕು, ಹಡಗು, ಅಡಿಪಾಯ, ಪರೀಕ್ಷೆ ಅಂತ ಎರಡು ಮೂರು ವರ್ಷ. ಆರ್ಡರ್ ಕೊಟ್ಟಿದ್ದಾರೆ ಅನ್ನೋದಕ್ಕೆ ನನ್ನ ಹತ್ರ ಯಾವ ಲಾರಿಯೂ ಕಂಡಿಲ್ಲ.

ಕುಂದಾಪುರ ಕಡೆಯೇ ಒಂದು ಯಾಕೆ ಬರಬಾರದು ಅಂತ ನೀವು ಕೇಳಬಹುದು. ಮಾಣಿಯೂ ಕೇಳಿದ್ದಾನೆ. ಮರವಂತೆಯಲ್ಲಿ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ, ನಡುವೆ ರೋಲರ್ ಕೋಸ್ಟರ್, ಎಂಥ ಫೋಟೋ! ಆದರೆ ಉಡುಪಿ ಜಿಲ್ಲೆಗೆ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ, ಬಹುಪಾಲು ನಾಲ್ಕೇ ತಿಂಗಳಲ್ಲಿ. ಅಷ್ಟು ಕಾಲ ಗಾಡಿ ನಿಂತಿರಬೇಕು, ಉಪ್ಪುಗಾಳಿ ಮಾತ್ರ ನಿಲ್ಲೋದಿಲ್ಲ. ನಮ್ಮ ಮನೆಯ ಕಿಟಕಿ ಸರಳು ಐದು ವರ್ಷಕ್ಕೆ ತುಕ್ಕು ಹಿಡಿದಿದೆ. ದಡದ ಹತ್ರ ಕಟ್ಟೋಕೆ ಕರಾವಳಿ ನಿಯಮವೂ ಬಿಡೋದಿಲ್ಲ. ನಮ್ಮ ಮಣ್ಣಿಗೆ ಒಗ್ಗೋದು ಮಳೆ ಮುಗಿದ ಮೇಲೆ ಬಂದು, ಮುಂದಿನ ಮಳೆಯೊಳಗೆ ಬಿಚ್ಚಿ ಲಾರಿ ಹತ್ತೋ ಗಾಡಿಯೇ. ಕೊಡಿ ಹಬ್ಬ ಮುಗಿಸಿ ಅದು ಮುಂದಿನ ಊರಿನ ತೇರಿಗೆ ಹೋಗುತ್ತೆ.

ಆ ಜಾಯಿಂಟ್ ವೀಲ್‌ನಲ್ಲಿ ನಾನು ಕೂತಾಗೆಲ್ಲ ಅಪ್ಪಯ್ಯ ಕೆಳಗೆ ನಿಂತಿರ್ತಿದ್ರು. ಒಂದು ಕೈಯಲ್ಲಿ ಕಬ್ಬು, ಇನ್ನೊಂದರಲ್ಲಿ ನನ್ನ ಚಪ್ಪಲಿ. ಅವರು ಒಮ್ಮೆಯೂ ಹತ್ತಿದವರಲ್ಲ. ಹತ್ತು ರೂಪಾಯಿ ಆಗುತ್ತೆ ಅಂತಲೋ, ಹೆದರಿಕೆಯೋ, ಆಗ ಕೇಳಲಿಲ್ಲ. ಒಂದು ವರ್ಷ ನಾವು ತುದಿಯಲ್ಲಿದ್ದಾಗ ಕರೆಂಟ್ ಹೋಗಿ ಚಕ್ರ ನಿಂತಿತು. ಮೇಲಿಂದ ಕತ್ತಲಲ್ಲಿ ಕಾಣ್ತಿದ್ದದ್ದು ತೇರಿನ ಬದಿಯ ದೀಪ ಮಾತ್ರ. ಕೆಳಗಿಂದ ಅಪ್ಪಯ್ಯ ನನ್ನ ಹೆಸರು ಕೂಗ್ತಾ ಇದ್ದರು, ಕರೆಂಟ್ ಬರೋವರೆಗೂ.

ಮೊನ್ನೆ ಮಾಣಿಗೆ ಫೋನ್ ಮಾಡಿ ಹೇಳಿದೆ, ಹೊಸದು ಸದ್ಯಕ್ಕೆ ಬರೋದಿಲ್ಲ, ಬರೋದಾದರೂ ನೀನು ಹೈಸ್ಕೂಲಿಗೆ ಹೋದ ಮೇಲೆ, ಈ ಏಪ್ರಿಲ್‌ಗೇ ಬಾ. ಅವನು ಬಾಗಿಲ ಚೌಕಟ್ಟಿಗೆ ನಿಂತು ಎತ್ತರ ಅಳೆದುಕೊಂಡು ಬಂದ. 138 ಸೆಂಟಿಮೀಟರ್. 140 ದಾಟಿದರೆ ದೊಡ್ಡವರ ಟಿಕೆಟ್ ಅಂತ ಅವನಿಗೆ ಗೊತ್ತಿದೆ. ದುಡ್ಡು ಉಳಿಯುತ್ತೆ ಅಂತ ನನಗೆ ಖುಷಿ, ದೊಡ್ಡವನಾಗಲಿಲ್ಲ ಅಂತ ಅವನಿಗೆ ಬೇಜಾರು. "ಎರಡ್ ತಿಂಗ್ಳಂಗೆ ಎರಡ್ ಸೆಂಟಿಮೀಟರ್ ಆತ್ತಾ ಮಾವ?" ಅಂತ ಕೇಳಿದ.

ಹಿಂದಿನಿಂದ ಅಪ್ಪಯ್ಯನ ದನಿ ಕೇಳಿಸಿತು. "ಅಲ್ಲ್ ಕೂಕಂಬುಕ್ ನೆಳ್ಳ್ ಇತ್ತಾ, ಕೇಣ್."

ಇತ್ತ್, ಅಂದೆ. ನಮ್ಮ ಕಡೆ 'ಇತ್ತ್' ಅಂದರೆ 'ಇದೆ' ಅಂತ. ರಾತ್ರಿ ಬಸ್ಸಲ್ಲಿ ಅವರಿಗೆ ಕೆಳಗಿನ ಸ್ಲೀಪರ್ ಸಿಕ್ಕಿದೆ.