ಸಿಂಗಪುರ: ಸೂರು ಕೈಗೆಟುಕಿದ ಬಗೆ



ಕ್ಷಯರೋಗಕ್ಕೆ ಔಷಧಿ ಬರೆದುಕೊಡುವ ವೈದ್ಯರಾದ ನಾವು ರೋಗಿಯ ಮನೆಯ ಸ್ಥಿತಿಯನ್ನೂ ವಿಚಾರಿಸಬೇಕಾಗುತ್ತದೆ. ಗಾಳಿ ಬೆಳಕಿಲ್ಲದ ಕಿಕ್ಕಿರಿದ ಕೋಣೆಯಲ್ಲಿ ಗುಳಿಗೆಯೊಂದೇ ಸಾಲದು. ಎರಡನೆಯ ಮಹಾಯುದ್ಧಾನಂತರದ ಸಿಂಗಪುರದಲ್ಲಿ ಇಂಥ ಕೋಣೆಗಳು ಅಸಂಖ್ಯ. ಚೈನಾಟೌನಿನ ಹಳೆಯ ಕಟ್ಟಡಗಳನ್ನು ಹಲಗೆಗಳಿಂದ ವಿಭಾಗಿಸಿ, ಒಂದೊಂದು ಗೂಡಿನಲ್ಲಿ ಒಂದೊಂದು ಸಂಸಾರ ಬದುಕುತ್ತಿತ್ತು.

1960ರಲ್ಲಿ ಸರ್ಕಾರ ಗೃಹನಿರ್ಮಾಣ ಮಂಡಳಿಯನ್ನು ಸ್ಥಾಪಿಸಿತು. 1961ರ ಮೇ 25ರಂದು ಬುಕಿತ್ ಹೋ ಸ್ವೀ ಎಂಬ ಗುಡಿಸಲುಗಳ ಬಡಾವಣೆ ಬೆಂಕಿಗೆ ಆಹುತಿಯಾಗಿ, ಸುಮಾರು 16,000 ಜನ ನಿರಾಶ್ರಿತರಾದರು. ಅದೇ ನೆಲದಲ್ಲಿ ಮಂಡಳಿ ತ್ವರಿತವಾಗಿ ಬಹುಮಹಡಿ ಮನೆಗಳನ್ನು ಕಟ್ಟಿತು. 1964ರಲ್ಲಿ ಬಾಡಿಗೆದಾರನೂ ಮನೆಯೊಡೆಯನಾಗಬಹುದಾದ ಯೋಜನೆ ಬಂದಿತು. 1968ರಿಂದ ಭವಿಷ್ಯನಿಧಿಯ ಹಣದಿಂದಲೇ ಕಂತು ಕಟ್ಟಲು ಅವಕಾಶವಾಯಿತು.

ಆದರೆ ಮನೆ ಅಗ್ಗವಾದುದರ ಗುಟ್ಟು ಇಟ್ಟಿಗೆಯಲ್ಲಿಲ್ಲ, ನೆಲದಲ್ಲಿದೆ. 1966ರ ಭೂಸ್ವಾಧೀನ ಕಾಯಿದೆಯ ಬಲದಿಂದ ಸರ್ಕಾರ ವಿಸ್ತಾರವಾದ ಭೂಮಿಯನ್ನು ಪಡೆಯಿತು. ಮುಂದೆ 1973ರ ತಿದ್ದುಪಡಿ ಪರಿಹಾರಕ್ಕೆ ಮಿತಿ ಹಾಕಿತು; ಪೇಟೆಯ ಧಾರಣೆ ಏರಿದರೂ ಭೂಮಾಲೀಕನಿಗೆ ಏರಿದ ಬೆಲೆ ಸಿಗಲಿಲ್ಲ. ಕಂಪಾಂಗ್‌ಗಳೆಂಬ ಹಳ್ಳಿಗಳು ಅಳಿದವು; ನೆರೆಹೊರೆಯ ಬಾಂಧವ್ಯ ಚದುರಿತು. ಕೊಂಡ ಮನೆಯೂ 99 ವರ್ಷಗಳ ಗುತ್ತಿಗೆಯದು.

ಇಂದು ಇಲ್ಲಿನ ನಿವಾಸಿಗಳಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಜನ ಇಂಥ ಮನೆಗಳಲ್ಲಿದ್ದಾರೆ. ಈ ಸಾಧನೆಯನ್ನು ನಾವು ಮನಸಾರೆ ಮೆಚ್ಚೋಣ. ಒಬ್ಬರ ಸೂರಿಗಾಗಿ ಇನ್ನೊಬ್ಬರು ನೆಲ ತೆತ್ತರೆಂಬುದನ್ನೂ ಮರೆಯದಿರೋಣ. ಚಿಕಿತ್ಸೆ ಫಲಿಸಿತೆಂದು ಅದರ ನೋವನ್ನು ಅಲ್ಲಗಳೆಯುವುದು ವೈದ್ಯಧರ್ಮವಲ್ಲ.