ಮಾಥಾಡಿ ನೋಂದಣಿ

ಪುಣೆಯ ಮಾರ್ಕೆಟ್ ಯಾರ್ಡ್‌ನಂಥ ಸಗಟು ಪೇಟೆಗಳಲ್ಲಿ ಮೂಟೆ ಹೊರುವ ಹಮಾಲರಿಗೆ 1969ರ ಮಹಾರಾಷ್ಟ್ರ ಮಾಥಾಡಿ ಕಾಯ್ದೆ ಕೊಡುವ ಮಾನ್ಯತೆಯೇ ಮಾಥಾಡಿ ನೋಂದಣಿ. ಪುಣೆಯ ಹಮಾಲರನ್ನು ಸಂಘಟಿಸಿದ್ದು ಕಾರ್ಮಿಕ ನಾಯಕ ಬಾಬಾ ಆಢಾವ್ ಅವರ ಹಮಾಲ್ ಪಂಚಾಯತ್. ಕರ್ನಾಟಕದಿಂದ ಪುಣೆಗೆ ದುಡಿಯಲು ಬಂದವರಿಗೆ ಪರದೇಶದಲ್ಲಿರುವಂತೆ ಕೆಲಸದ ಪರವಾನಗಿ ಬೇಡ. ಸಂವಿಧಾನದ 19ನೆಯ ವಿಧಿಯೇ ಆ ಹಕ್ಕು ಕೊಟ್ಟಿದೆ. ಆದರೆ ದುಡಿಮೆಗೆ ಭದ್ರತೆ ಬರುವುದು ನೋಂದಣಿಯಿಂದ. ಪರದೇಶದ ಪರವಾನಗಿಗೆ ಹೋಲಿಸಿ ನೋಡಿ: ಪರಿಣತರಿಗೆ ಅಮೆರಿಕ ಕೊಡುವ ಎಚ್-1ಬಿ ವೀಸಾಕ್ಕಾಗಿ ಮನವಿ ಸಲ್ಲಿಸುವವನು ಮಾಲೀಕ. ಕೆಲಸ ಹೋದರೆ ಸಾಮಾನ್ಯವಾಗಿ ಅಲ್ಲಿ ಉಳಿಯಲು ಸಿಗುವುದು ಗರಿಷ್ಠ 60 ದಿನಗಳ ಅವಕಾಶ. ಪರಿಣತನೂ ಹೀಗೆ ಒಬ್ಬನ ಮರ್ಜಿಗೆ ಸಿಲುಕುತ್ತಾನೆ. ಆದರೆ ಮಾಥಾಡಿಯ, ಅಂದರೆ ನೋಂದಾಯಿತ ಹಮಾಲನ, ನಂಟು ಕಾಯ್ದೆಯಡಿಯ ಮಂಡಳಿಯೊಂದಿಗೆ: ವರ್ತಕರು ಕೂಲಿಯನ್ನೂ ಲೆವಿಯನ್ನೂ ಅಲ್ಲಿ ಕಟ್ಟುತ್ತಾರೆ, ಭವಿಷ್ಯನಿಧಿ, ಗ್ರಾಚ್ಯುಟಿ ಆ ಹಣದಿಂದಲೇ ಹುಟ್ಟುತ್ತವೆ. ನೋಂದಣಿ ಹೊಸಬರಿಗೆ ಬಾಗಿಲು ಮುಚ್ಚುತ್ತದೆಂಬ ಆಕ್ಷೇಪದಲ್ಲಿ ಹುರುಳಿದೆ. ಅದಕ್ಕೆ ಮದ್ದು ಬಾಗಿಲನ್ನು ಅಗಲಿಸುವುದು. ಮನೆಯನ್ನೇ ಕೆಡವಿದರೆ ಒಳಗಿದ್ದವರೂ ಬೀದಿಗೆ ಬೀಳುತ್ತಾರೆ.